ಪರಸಿ ಕಲ್ಲಿನ ಕೆಳಗೆ ಚಿಗುರಿದ ಗಡ್ಡೆ

ಗಡ್ಡೆಯ ಗಿಡಗಳು ಸುಲಭಕ್ಕೆ ಸಾಯುವುದಿಲ್ಲ. ಬೇರೆ ಗಿಡಗಳಾದರೆ ಕಿತ್ತು ತಂದು ಹಳೆಯ ಪೇಪರಿನ ನಡುವೆ ಹರವಿ ಮೇಲೆ ಭಾರ ಹೇರಿದರೆ ನಾಲ್ಕು ದಿನದಲ್ಲಿ ಸಾಯುತ್ತವೆ, ಹದಿನೈದು ದಿನದಲ್ಲಿ ಒಣಗುತ್ತವೆ. ಆಮೇಲೆ ದಪ್ಪ ಹಾಳೆಗೆ ಅಂಟಿಸಿ ಕಪಾಟಿನಲ್ಲಿಟ್ಟರೆ ನಮ್ಮ ಮೊಮ್ಮಕ್ಕಳ ಕಾಲದವರೆಗೂ ತಕರಾರು ಮಾಡದೆ ಬಿದ್ದಿರುತ್ತವೆ. ಗಡ್ಡೆಗೆ ತನ್ನನ್ನು ಕಿತ್ತದ್ದೇ ತಿಳಿಯುವುದಿಲ್ಲ. ಅಡುಗೆಮನೆಯ ಬುಟ್ಟಿಯಲ್ಲಿ ಉಳ್ಳಾಗಡ್ಡಿ ಮೊಳೆತದ್ದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅದಕ್ಕೇ ಗಡ್ಡೆಯನ್ನು ಒತ್ತುವ ಮೊದಲು ಕುದಿಯುವ ನೀರಿನಲ್ಲಿ ಅದ್ದಿ ಕೊಲ್ಲಬೇಕು. ಸೇಡಂನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ಈ ವಿದ್ಯೆ ಪುಸ್ತಕದಿಂದ ಗೊತ್ತಿತ್ತು. ಕೈಯಿಂದ ಗೊತ್ತಿದ್ದದ್ದು ನಮ್ಮ ಪ್ರಯೋಗಾಲಯದ ಅಟೆಂಡರಿಗೆ.

ಅವರನ್ನು ಕಾಲೇಜಿನಲ್ಲಿ ಎಲ್ಲರೂ ಕಾಕಾ ಎನ್ನುತ್ತಿದ್ದರು. ಗುಂಡಗುರ್ತಿಯವರು. ಊರಲ್ಲಿ ತೊಗರಿ ಬಿತ್ತುವ ಹೊಲ, ಇಲ್ಲಿ ಅಟೆಂಡರ್ ಹುದ್ದೆ. ಎರಡನ್ನೂ ಒಂದೇ ಮುಖ ಇಟ್ಟುಕೊಂಡು ಮಾಡುತ್ತಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ, ಜೇಬಿನಲ್ಲಿ ಚಾಕು, ಬಗಲಲ್ಲಿ ಹಳೆಯ ಪೇಪರಿನ ಕಟ್ಟು. ರಜೆಯ ದಿನಗಳಲ್ಲಿ ನಾವಿಬ್ಬರೂ ಗಿಡ ಹುಡುಕಲು ಹೋಗುತ್ತಿದ್ದೆವು. ಕಾಗಿಣಾ ಹೊಳೆಯ ದಂಡೆ, ವಾಡಿಯ ರೈಲು ಹಳಿಯ ಪಕ್ಕದ ಹುಲ್ಲು, ಚಿಂಚೋಳಿಯ ಕಾಡು, ಹೀಗೆ. ನಾನು ಹೋಗಲಾಗದ ದಿನ ಅವರೊಬ್ಬರೇ ಹೋಗುತ್ತಿದ್ದರು. ನನಗೆ ಹೋಗಲಾಗದ ದಿನಗಳು ಬಹಳ ಇರುತ್ತಿದ್ದವು.

ಗಿಡ ಒತ್ತಲು ಎಲ್ಲ ಕಡೆ ಕಟ್ಟಿಗೆಯ ಚೌಕಟ್ಟು, ಬಿಗಿಯಲು ಪಟ್ಟಿ ಬಳಸುತ್ತಾರೆ. ನಮ್ಮದು ಎರಡನೇ ವರ್ಷಕ್ಕೇ ಮುರಿಯಿತು. ಹೊಸದಕ್ಕೆ ಅರ್ಜಿ ಬರೆದೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಕಾಕಾ ಅದರ ದಾರಿ ಕಾಯಲಿಲ್ಲ. ಶಹಾಬಾದಿನ ಕಡೆಯಿಂದ ಬರುವ ಲಾರಿಯವನಿಗೆ ಹೇಳಿ ನಾಲ್ಕು ಪರಸಿ ಕಲ್ಲು ಇಳಿಸಿಕೊಂಡರು. ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು ಅದು. ನಮ್ಮ ಭಾಗದಲ್ಲಿ ಅಂಗಳ, ಅಡುಗೆ ಕಟ್ಟೆ, ಬಚ್ಚಲು, ಗುಡಿ, ಗೋರಿ ಎಲ್ಲಕ್ಕೂ ಅದೇ. ಕೆಳಗೊಂದು ಕಲ್ಲು, ಮೇಲೊಂದು ಕಲ್ಲು, ನಡುವೆ ಪೇಪರು. ಮೇಲಿನ ಕಲ್ಲನ್ನು ಕಾಕಾ ಮೊದಲು ಬಿಸಿಲಿಗೆ ಇಟ್ಟು, ಕೈ ಮುಟ್ಟಿ ನೋಡಿ, ಇಷ್ಟು ಕಾದರೆ ಸಾಕು ಅನ್ನಿಸಿದಾಗ ಹೇರುತ್ತಿದ್ದರು. ಹಾಗೆ ಒತ್ತಿದ ಹೂವಿನ ಬಣ್ಣ ಹೋಗುತ್ತಿರಲಿಲ್ಲ. ಪರೀಕ್ಷೆಗೆ ಹೊರಗಿನಿಂದ ಬಂದವರು ನಮ್ಮ ಹಾಳೆಗಳನ್ನು ನೋಡಿ “ಯಾವ ಯಂತ್ರ ಇದೆ ನಿಮ್ಮಲ್ಲಿ?” ಎಂದು ಕೇಳುತ್ತಿದ್ದರು. ನಾನು “ಸ್ಥಳೀಯ ವಿಧಾನ” ಎನ್ನುತ್ತಿದ್ದೆ. ಸ್ಥಳೀಯ ವಿಧಾನ ಪಕ್ಕದಲ್ಲೇ ಚಹಾದ ತಟ್ಟೆ ಹಿಡಿದು ನಿಂತಿರುತ್ತಿತ್ತು.

ಒಣಗಿದ ಗಿಡದ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೀಟಿ ಅಂಟಿಸುತ್ತಾರೆ. ಯಾವ ಗಿಡ, ಎಲ್ಲಿ ಸಿಕ್ಕಿತು, ಯಾವತ್ತು, ಸಂಗ್ರಹಿಸಿದವರು ಯಾರು, ಅದು ಅವರ ಎಷ್ಟನೇ ಸಂಗ್ರಹ. ಪ್ರತಿ ಸಂಗ್ರಹಕಾರನಿಗೂ ಅವನದೇ ಒಂದು ಎಣಿಕೆ ಇರುತ್ತದೆ. ಮೊದಲ ಗಿಡಕ್ಕೆ ಒಂದು, ಹಾಗೇ ಮುಂದೆ ಜೀವಮಾನವಿಡೀ. ನನ್ನ ಎಣಿಕೆ ಎರಡು ಸಾವಿರ ದಾಟಿತ್ತು. ಯಾರಾದರೂ ಕೇಳಿದರೆ ಹೇಳುತ್ತಿದ್ದೆ. ಕೇಳದಿದ್ದರೂ ಹೇಳಿದ್ದುಂಟು.

ಒಮ್ಮೆ ಚೀಟಿ ಬರೆಯುತ್ತಿದ್ದಾಗ ಕಾಕಾ ಅಂಟಿನ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತಿದ್ದರು. ಬಹಳ ಹೊತ್ತು ನೋಡಿ ಕೇಳಿದರು:

“ಮೇಡಮ್, ಒತ್ತಿದವರ ಹೆಸರು ಬರಿಯೋ ರಿವಾಜ ಇಲ್ಲೇನ್ರಿ?”

“ಇಲ್ಲ ಕಾಕಾ. ಸಂಗ್ರಹ ಮಾಡಿದವರದು ಅಷ್ಟೇ ಬರೀತಾರ.”

“ಅಂದ್ರ ಕಿತ್ತಿ ತಂದವರದು.”

“ಸಂಗ್ರಹ ಮಾಡಿದವರದು.”

“ಹಂಗಂತೀರಿ,” ಎಂದು ಅಂಟಿನ ಡಬ್ಬಿಯ ಮುಚ್ಚಳ ತಿರುವಿದರು. ಆ ಹಾಳೆಯ ಮೇಲಿದ್ದ ಗಿಡವನ್ನು ಚಿಂಚೋಳಿಯಿಂದ ಕಿತ್ತು ತಂದವರು ಅವರೇ. ಅದು ಇಬ್ಬರಿಗೂ ಗೊತ್ತಿತ್ತು. ಪ್ರಶ್ನೆ ಅಲ್ಲಿಗೆ ಮುಗಿಯಿತು ಎಂದು ನಾನು ಭಾವಿಸಿದೆ. ಅವರ ಮಟ್ಟಿಗೆ ಅದು ಮುಗಿದಿರಲಿಲ್ಲ. ಆಮೇಲೆ ಪ್ರತಿ ಹಾಳೆ ಅಂಟಿಸುವಾಗಲೂ ಅವರು ಚೀಟಿಯ ಆ ಸಾಲನ್ನು ಒಮ್ಮೆ ನೋಡುತ್ತಿದ್ದರು. ನಾನು ನೋಡಿಯೂ ನೋಡದಂತಿರುತ್ತಿದ್ದೆ.

ಒಂದು ಜೂನಿನಲ್ಲಿ ನನಗೆ ಕಲಬುರಗಿಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಬಿತ್ತು. ಮೊದಲ ಮಳೆ ಒಂದು ಸಲ ಬಂದು ಹೋಗಿತ್ತು. ಮಧ್ಯಾಹ್ನ ಕಾಕಾನ ಫೋನು ಬಂತು.

“ಮೇಡಮ್, ಮಡ್ಡಿ ಮ್ಯಾಲ ಒಂದು ಅಡವಿ ಉಳ್ಳಾಗಡ್ಡಿ ಹೂ ಬಿಟ್ಟದ್ರಿ. ಎಲಿ ಇಲ್ಲ, ಬರೇ ಹೂ. ಇಂಥಾದ್ದು ನಾ ನೋಡೇ ಇಲ್ರಿ.”

ಮಡ್ಡಿ ಎಂದರೆ ಗುಂಡಗುರ್ತಿಯಿಂದ ಚಿತ್ತಾಪುರದ ದಿಕ್ಕಿಗೆ ಇರುವ, ಉಳಲು ಬಾರದ ಕಲ್ಲುನೆಲ. ಅಡವಿ ಉಳ್ಳಾಗಡ್ಡಿ ಎಂದು ನಮ್ಮ ಕಡೆ ಹತ್ತು ಬಗೆಯ ಗಿಡಗಳನ್ನು ಕರೆಯುತ್ತಾರೆ. ನನ್ನ ಮುಂದೆ ಉತ್ತರಪತ್ರಿಕೆಯ ರಾಶಿ ಇತ್ತು.

“ನೋಡಿರ್ತೀರಿ ಕಾಕಾ, ಮರ್ತಿರ್ತೀರಿ. ಕಿತ್ತಿ ಒತ್ತಿ ಇಡ್ರಿ, ಬಂದು ನೋಡ್ತೀನಿ,” ಎಂದು ಫೋನು ಇಟ್ಟೆ. ಆ ಗಿಡದ ಶೋಧದಲ್ಲಿ ನನ್ನ ಮೊದಲ ಕೊಡುಗೆ ಇದು.

ಎರಡನೇ ಕೊಡುಗೆಯೂ ಅದೇ ದಿನ ಆಯಿತು. ಪ್ರಯೋಗಾಲಯದ ಕೀಲಿಕೈ ನನ್ನ ಬ್ಯಾಗಿನಲ್ಲೇ ಕಲಬುರಗಿಗೆ ಬಂದುಬಿಟ್ಟಿತ್ತು. ನೀರು ಕುದಿಸುವ ಒಲೆ, ಪಾತ್ರೆ ಎಲ್ಲ ಒಳಗೆ. ಕಾಕಾ ಗಡ್ಡೆಯನ್ನು ಮನೆಗೆ ಒಯ್ದು ಹೆಂಡತಿಗೆ ಒಂದು ಬೋಗಾಣಿ ನೀರು ಕಾಯಿಸಲು ಹೇಳಿದರು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತೇನೆ. ಕಾಕುಗೆ ಕಾಲೇಜಿನಲ್ಲಿ ನಡೆಯುವುದೆಲ್ಲ ಗೊತ್ತಿತ್ತು.

“ಜೀವ ತೆಗಿಲಾಕ ನನ್ನ ಒಲಿ ಮ್ಯಾಲ ನೀರು ಕಾಯಿಸೂದಿಲ್ಲ. ಮನ್ಯಾಗ ಲಿಂಗಪೂಜಾ ನಡೀತದ. ನಿಮ್ಮ ಕಾಲೇಜಿನ್ಯಾಗ ಏನರ ಮಾಡ್ಕೋರಿ,” ಎಂದರಂತೆ. ಉಳ್ಳಾಗಡ್ಡಿಯನ್ನು ದಿನಾ ಹೆಚ್ಚಿ ಒಗ್ಗರಣೆಗೆ ಹಾಕುವುದಿಲ್ಲವೇ ಎಂದು ಕಾಕಾ ವಾದಿಸಿದರಂತೆ. “ಅದು ಹೊಟ್ಟಿಗೆ. ಇದು ಯಾತಕ್ಕ?” ಎಂದು ಕಾಕು ಕೇಳಿದರಂತೆ. ಕಾಕಾ ಗಡ್ಡೆಯನ್ನು ಹಸಿಯಾಗಿಯೇ ಪೇಪರಿನಲ್ಲಿಟ್ಟು, ಅಂಗಳದ ಒಂದು ಪರಸಿ ಕಲ್ಲೆಬ್ಬಿಸಿ ಅದರ ಮೇಲೆ ಹೇರಿದರು.

ಹತ್ತು ದಿನ ಬಿಟ್ಟು ನಾನು ಬಂದಾಗ ಕಾಕಾ ಆ ಪೇಪರಿನ ಕಟ್ಟನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತರು. ಬಿಚ್ಚಿದೆ. ಹೂವಿನ ದಂಟು ಚೆನ್ನಾಗಿಯೇ ಒಣಗಿತ್ತು. ಆದರೆ ಗಡ್ಡೆ ಬದುಕಿತ್ತು. ಅದು ಕತ್ತಲಲ್ಲಿ ಎರಡು ಎಲೆ ಬಿಟ್ಟಿತ್ತು; ಬೆಳ್ಳಗೆ, ಸೊಟ್ಟಗೆ, ಪೇಪರಿನ ಅಂಚು ಹುಡುಕುತ್ತ ಹೋಗಿ ಅಲ್ಲಿಂದ ಮತ್ತೆ ತಿರುಗಿದ್ದವು. ಪೇಪರಿಗೆ ಬೂಜು ಹಿಡಿದಿತ್ತು. ಕಾಕಾನ ಕೈಯಿಂದ ಇಂಥ ಹಾಳೆ ಹಿಂದೆಂದೂ ಬಂದಿರಲಿಲ್ಲ. ನಾನು ಬೈದೆ. ಗಡ್ಡೆಯ ಗಿಡ ಒತ್ತುವುದು ಹೇಗೆ ಎಂದು, ನನಗೆ ಅದನ್ನು ಕೈ ಹಿಡಿದು ಕಲಿಸಿದ ಮನುಷ್ಯನಿಗೇ ಪಾಠ ಮಾಡಿದೆ. ಕೀಲಿಕೈಯ ಮಾತನ್ನು ಇಬ್ಬರೂ ಎತ್ತಲಿಲ್ಲ.

“ತಿಪ್ಪಿಗೆ ಒಗೀರಿ ಇದನ್ನ,” ಎಂದೆ.

“ಹೂಂ ರಿ,” ಎಂದರು. ಅವರ ಮುಖ ಬಾಡಿತ್ತು. ನಾನು ಬೈದದ್ದಕ್ಕಲ್ಲ, ಹಾಳೆ ಕೆಟ್ಟದ್ದಕ್ಕೆ.

ಆದರೆ ಆ ಹೂವು ನಾನೂ ನೋಡಿರದ ಹೂವು. ಮಣ್ಣಿನ ಬಣ್ಣ, ಬೆರಳಿನ ತುದಿಯಷ್ಟು ಗಾತ್ರ, ತಲೆ ಬಗ್ಗಿಸಿ ನೆಲ ನೋಡುವ ಸ್ವಭಾವ. ಪುಸ್ತಕಗಳನ್ನೆಲ್ಲ ತಿರುವಿದೆ. ಅದರ ಹತ್ತಿರದ ನೆಂಟರು ಸಿಕ್ಕರು, ಅದು ಸಿಗಲಿಲ್ಲ. ಮರುದಿನವೇ ಕಾಕಾನನ್ನು ಕರೆದುಕೊಂಡು ಮಡ್ಡಿಗೆ ಹೋದೆ. ಹೂ ಮುಗಿಯುತ್ತ ಬಂದಿತ್ತು. ನಾಲ್ಕಾರು ಗಿಡದಲ್ಲಿ ಮಾತ್ರ ಉಳಿದಿತ್ತು. ನಾನು ಗಡ್ಡೆ ಮುಟ್ಟದೆ ಹೂವಿನ ದಂಟುಗಳನ್ನಷ್ಟೇ ಕತ್ತರಿಸಿಕೊಂಡೆ.

“ಗಡ್ಡಿ ಬಿಟ್ಟು ಹೂ ಒಯ್ದು ಏನ್ ಮಾಡ್ತೀರಿ?” ಎಂದರು ಕಾಕಾ.

“ಇರೋವೇ ನಾಲ್ಕು. ನಿಮ್ಮಂಗ ಎಲ್ಲಾ ಕಿತ್ಕೋತ ಹೋದ್ರ ಮುಂದಿನ ವರ್ಷಕ್ಕ ಏನುಳೀತದ?” ಎಂದೆ. ನನ್ನ ಪರಿಸರ ಕಾಳಜಿಯನ್ನು ನಾನೇ ಮೆಚ್ಚಿಕೊಂಡೆ. ಆಗಸ್ಟಿನಲ್ಲಿ, ಹೂ ಹೋಗಿ ಎಲೆ ಬಂದ ಮೇಲೆ ಮತ್ತೆ ಹೋಗಿ ಒಂದೇ ಒಂದು ಗಿಡವನ್ನು ಗಡ್ಡೆ ಸಮೇತ ಕಿತ್ತೆ. ಈ ಸಲ ಕೀಲಿಕೈ ಇತ್ತು. ಕಾಕಾ ನೀರು ಕುದಿಸಿ ಅದ್ದಿದರು, ಒತ್ತಿದರು. ಎಲೆ ಕತ್ತಿಯಂತೆ ನೆಟ್ಟಗೆ ಒಣಗಿ ಬಂತು. ಜೂನಿನ ದಂಟುಗಳಲ್ಲಿ ಚೆಂದದ್ದೊಂದನ್ನು ಉಳಿಸಿಕೊಂಡು ಮಿಕ್ಕವನ್ನು ಸೂಕ್ಷ್ಮದರ್ಶಕದ ಕೆಳಗೆ ಕೊಯ್ದು ಮುಗಿಸಿದ್ದೆ. ಆ ಚೆಂದದ ದಂಟನ್ನು ಆಗಸ್ಟಿನ ಎಲೆ ಗಡ್ಡೆಗಳ ನಡುವೆ ಕೂಡಿಸಿ ಒಂದೇ ಹಾಳೆಗೆ ಅಂಟಿಸಿದೆವು. ವಾಡಿಯ ಫೋಟೋ ಸ್ಟುಡಿಯೋದವರು, ಬದುಕಿದ್ದಾಗ ಒಂದು ದಿನವೂ ಒಟ್ಟಿಗೆ ಫೋಟೋಕ್ಕೆ ಕೂರದ ಗಂಡ ಹೆಂಡಿರನ್ನು ಆಮೇಲೆ ಒಂದೇ ಚೌಕಟ್ಟಿನಲ್ಲಿ ಕೂಡಿಸಿ ಕೊಡುತ್ತಾರಲ್ಲ, ಹಾಗಿತ್ತು. ನನ್ನ ಜೀವಮಾನದ ಅತ್ಯುತ್ತಮ ಹಾಳೆ.

ಹೊಸ ಗಿಡಕ್ಕೆ ಹೆಸರಿಡಬೇಕಾದರೆ ಅದರ ಒಂದು ಮಾದರಿಯನ್ನು ಆರಿಸಿ, ಈ ಹೆಸರು ಇದಕ್ಕೆ ಕಟ್ಟಿದ್ದು ಎಂದು ಸಾರಬೇಕು. ಅದನ್ನು ಟೈಪ್ ಎನ್ನುತ್ತಾರೆ. ನಾಳೆ ಯಾರಿಗಾದರೂ ಆ ಹೆಸರಿನ ಬಗ್ಗೆ ಅನುಮಾನ ಬಂದರೆ ಗಿಡವನ್ನಲ್ಲ, ಪುಸ್ತಕವನ್ನಲ್ಲ, ಆ ಒಂದು ಹಾಳೆಯನ್ನು ತೆಗೆದು ನೋಡುತ್ತಾರೆ. ಕಾಕಾಗೆ ಇದನ್ನು ವಿವರಿಸಿದೆ.

“ಬೀಜಕ್ಕ ಜ್ವಾಳದ ತೆನಿ ಆರಸ್ತೀವಲ್ರಿ, ಹಂಗ?” ಎಂದರು.

“ಹಂಗಲ್ಲ. ಬೀಜಕ್ಕ ಛಲೋ ತೆನಿನೇ ಆರಸ್ತೀರಿ. ಇದು ಛಲೋನೇ ಇರಬೇಕಂತಿಲ್ಲ. ಹೆಸರು ಇದರ ಕೊರಳಿಗೆ ಕಟ್ಟಿದ್ದಾದ್ರ ಮುಗೀತು.”

“ಅಂದ್ರ ಯೋಗ್ಯತಾ ಬ್ಯಾಡೇನ್ರಿ ಅದಕ್ಕ?”

“ಬ್ಯಾಡ.”

ಕಾಕಾ, ಇದು ತಮಗೆ ಹೊಸದೇನಲ್ಲ ಎಂಬಂತೆ ತಲೆಯಾಡಿಸಿದರು. ಬಾಯಲ್ಲಿ ಹಾಗೆ ಹೇಳಿದರೂ ನಾನು ಆರಿಸಿದ್ದು ಚೆಂದದ ಹಾಳೆಯನ್ನೇ. ಹೆಣ್ಣು ನೋಡಲು ಬಂದವರ ಮುಂದೆ ಮೂಗು ನೆಟ್ಟಗಿದ್ದವಳನ್ನೇ ಕೂರಿಸುತ್ತಾರೆ.

ಸುದ್ದಿ ತಿಳಿದ ಪ್ರಾಂಶುಪಾಲರು ಗಿಡಕ್ಕೆ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರ ಹೆಸರಿಡಬಹುದಲ್ಲ ಎಂದರು. ನಾನು ಹೂವಿನ ಫೋಟೋ ತೋರಿಸಿದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಗಿಡಕ್ಕೆ ಕಲ್ಲುನೆಲದಲ್ಲಿರುವುದು ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟು, ಲೇಖನ ಬರೆದು ಚಳಿಗಾಲದಲ್ಲಿ ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದೆ.

ಏಪ್ರಿಲ್‌ನಲ್ಲಿ ಉತ್ತರ ಬಂತು. ಲೇಖನ ಓದಿದ ಪರಿಶೀಲಕರು ಯಾರೆಂದು ಪತ್ರಿಕೆಯವರು ತಿಳಿಸುವುದಿಲ್ಲ. ಯಾರೇ ಆಗಲಿ ಸಭ್ಯರು. ಗಿಡ ಹೊಸದು ಎಂದು ಒಪ್ಪಿದ್ದರು. ಆದರೆ ಟೈಪ್ ಎಂದರೆ ಒಂದು ಜಾಗದಲ್ಲಿ ಒಂದು ಹೊತ್ತಿಗೆ ಕಿತ್ತದ್ದಾಗಿರಬೇಕು. ಈ ಹಾಳೆಯ ಹೂ ಜೂನಿನದು, ಎಲೆ ಗಡ್ಡೆ ಆಗಸ್ಟಿನವು. ಇವು ಎರಡು ಸಂಗ್ರಹ. ಎರಡಕ್ಕೆ ಒಂದು ಹೆಸರು ಕಟ್ಟಿದರೆ ಹೆಸರು ನಿಲ್ಲುವುದಿಲ್ಲ. ಬರೀ ಹೂವಿನ ದಂಟು ಇಂಥ ಗಿಡಕ್ಕೆ ಸಾಲದು. ಹೂವೂ ಗಡ್ಡೆಯೂ ಒಂದೇ ಗಿಡದ್ದಾಗಿರುವ ಹಾಳೆ ತೋರಿಸಿ, ಜುಲೈವರೆಗೆ ಕಾಯುತ್ತೇವೆ. ನಾನು ಪ್ರಾಮಾಣಿಕಳಾದ್ದರಿಂದ ಎರಡೂ ದಿನಾಂಕಗಳನ್ನು ಚೀಟಿಯಲ್ಲಿ ದುಂಡಗೆ ಬರೆದಿದ್ದೆ. ಈ ನಿಯಮವನ್ನು ಪ್ರತಿ ವರ್ಷ ಪಾಠ ಮಾಡುವವಳೂ ನಾನೇ.

ಜೂನ್ ಕೊನೆಗೆ ಕಾಕಾನ ನಿವೃತ್ತಿ. ಅದಕ್ಕೆ ಮೊದಲೇ ಹೂ ಬರುತ್ತದೆ ಎಂದು ನಂಬಿ, ಮೊದಲ ಮಳೆ ಬಿದ್ದ ನಾಲ್ಕನೇ ದಿನ ಇಬ್ಬರೂ ಮಡ್ಡಿಗೆ ಹೋದೆವು.

ಮಡ್ಡಿ ಇರಲಿಲ್ಲ. ಅಲ್ಲಿ ಪರಸಿಯ ಖಣಿ ಆಗಿತ್ತು. ಮೇಲಿನ ಮಣ್ಣನ್ನು ಕೆತ್ತಿ ಒಂದು ಕಡೆ ಗುಡ್ಡ ಹಾಕಿದ್ದರು. ಕೆಳಗೆ ಕಲ್ಲು ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಕಲ್ಲು ಕೊಯ್ಯುವ ಯಂತ್ರದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ತಗಡಿನ ನೆರಳಲ್ಲಿ ಲೆಕ್ಕ ಬರೆಯುತ್ತ ಕೂತಿದ್ದ ಮುನ್ಷಿ ಎದ್ದು ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಉಳ್ಳಾಗಡ್ಡಿಯಂಥ ಒಂದು ಗಿಡ ಎಂದೆ.

“ಉಳ್ಳಾಗಡ್ಡಿಗಿ ಇಲ್ಲೀತನಕ ಯಾಕ ಬಂದ್ರಿ? ಸೇಡಂ ಬಜಾರದಾಗ ಬೇಕಾದಷ್ಟು ಅವ,” ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಆ ಮಣ್ಣಿನ ಗುಡ್ಡವನ್ನು ನಾವು ಮಧ್ಯಾಹ್ನದವರೆಗೆ ಕೈಯಲ್ಲಿ ಕೆದರಿದೆವು. ಒಂದು ಗಡ್ಡೆಯೂ ಸಿಗಲಿಲ್ಲ. ಹಿಂದಿನ ವರ್ಷ ನಾನು ಕಾಳಜಿಯಿಂದ ನೆಲದಲ್ಲೇ ಬಿಟ್ಟುಬಂದ ಗಡ್ಡೆಗಳೆಲ್ಲ ಅದರ ಅಡಿಯಲ್ಲಿ ಎಲ್ಲೋ ಇದ್ದವು. ಮುಂದಿನ ಎರಡು ವಾರ ಸಿಕ್ಕ ಮಡ್ಡಿಗಳನ್ನೆಲ್ಲ ತುಳಿದೆವು. ಶಹಾಬಾದಿನ ಕಡೆ, ಚಿತ್ತಾಪುರದ ಕಡೆ, ಚಿಂಚೋಳಿಯ ದಾರಿಯುದ್ದಕ್ಕೂ. ಬೇರೆ ಅಡವಿ ಉಳ್ಳಾಗಡ್ಡಿಗಳು ಸಿಕ್ಕವು, ನಮ್ಮದು ಸಿಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬಸ್ಸಿನಲ್ಲಿ ಅತ್ತೆ. ಕಾಕಾ ಕಿಟಕಿಯಾಚೆ ನೋಡುತ್ತ ಕೂತರು. ನಿರ್ವಾಹಕ ಟಿಕೆಟ್ ಕೇಳಲು ಬಂದವನು ಮುಂದಿನ ಸೀಟಿಗೆ ಹೋದ.

ಮರುದಿನ ಕಾಕಾ ಪ್ರಯೋಗಾಲಯಕ್ಕೆ ಒಂದು ಪೇಪರಿನ ಕಟ್ಟು ತಂದರು. ಮೇಜಿನ ಮೇಲಿಟ್ಟು, ಹಿಂದಿನ ವರ್ಷದಂತೆಯೇ ಎರಡು ಹೆಜ್ಜೆ ಹಿಂದೆ ನಿಂತರು.

“ಒಗೀರಿ ಅಂದಿದ್ರಿ. ಒಗದಿಲ್ರಿ. ತಪ್ಪಾಗ್ಯಾದ.”

“ಯಾಕ ಒಗೀಲಿಲ್ಲ?”

“ಆವಾಗ ಇನ್ನಾ ಜೀವ ಇತ್ತಲ್ರಿ. ಜೀವ ಇದ್ದದ್ದನ್ನ ಹ್ಯಾಂಗ ಒಗೀಲಿ? ಪೇಪರ ಬದಲಿ ಮಾಡಿ ಇಟ್ಟೆ. ಆಮ್ಯಾಲ ತಂತಾನೇ ಒಣಗ್ತು.”

ಹೂವು, ದಂಟು, ಗಡ್ಡೆ, ಅದರ ಮೇಲಿನ ಸಿಪ್ಪೆ, ಬೇರಿನ ಮಣ್ಣು, ಜೊತೆಗೆ ಆ ಎರಡು ಸೊಟ್ಟ ಎಲೆ. ಎಲ್ಲವೂ ಒಂದೇ ಗಿಡದವು, ಒಂದೇ ದಿನ ಒಂದೇ ಗುದ್ದಲಿಗೆ ಎದ್ದವು. ಬೂಜಿನ ಕಲೆ ಹಾಗೇ ಇತ್ತು. ಜ್ವರದಿಂದ ಎದ್ದವರ ಮುಖದಂತಿತ್ತು ಆ ಗಿಡ. ಪ್ರಪಂಚದಲ್ಲಿ ಆ ಹೆಸರನ್ನು ಕಟ್ಟಲು ಉಳಿದಿದ್ದ ಏಕೈಕ ಕೊರಳು ಅದು. ನಾನು ಕಾಕಾನ ಕೈ ಹಿಡಿದುಕೊಂಡೆ. ಹಾಗೆ ಹಿಂದೆ ಮಾಡಿದ್ದಿಲ್ಲವಾದ್ದರಿಂದ ಇಬ್ಬರಿಗೂ ಮುಜುಗರವಾಗಿ ಕೈ ಬಿಡಿಸಿಕೊಂಡೆವು.

ಇನ್ನು ಚೀಟಿ ಬರೆಯಬೇಕು. ಪೆನ್ನು ತೆಗೆದು ಜಾಗ ಬರೆದೆ, ದಿನ ಬರೆದೆ, ಸಂಗ್ರಹಿಸಿದವರು ಎಂಬಲ್ಲಿ ಅಭ್ಯಾಸಬಲದಿಂದ ನನ್ನ ಹೆಸರು ಬರೆದೆ. ಬರೆದ ಮೇಲೆ ದಿನಾಂಕ ಕಣ್ಣಿಗೆ ಬಿತ್ತು. ಆ ದಿನ ನಾನು ಕಲಬುರಗಿಯಲ್ಲಿದ್ದೆ. ಅಲ್ಲಿಯ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇದೆ. ಅದನ್ನು ಯಾರು ಹೋಗಿ ನೋಡುತ್ತಾರೆ? ಯಾರೂ ನೋಡುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನೇ ತಿರುಗಿ ನೋಡಿದೆ. ಕಾಕಾ ಅಂಟಿನ ಡಬ್ಬಿ ಹಿಡಿದು ನಿಂತಿದ್ದರು, ಚೀಟಿಯ ಆ ಸಾಲನ್ನೇ ನೋಡುತ್ತ. ಇನ್ನು ಒಂದು ವಾರಕ್ಕೆ ಅವರು ಹೋಗುತ್ತಾರೆ. ಈ ಸಾಲಿನಲ್ಲಿ ಈಗ ಬರದ ಹೆಸರು ಇನ್ನು ಬರುವುದಿಲ್ಲ.

ಒಂದು ಮಾತು ಹೇಳಿಬಿಡಬೇಕು. ಕಾಕಾನ ಹೆಸರು ಬರೆದರೆ ನನಗೆ ಹೋಗುವುದು ಏನೂ ಇರಲಿಲ್ಲ. ಗಿಡಕ್ಕೆ ಹೆಸರಿಟ್ಟವರ ಹೆಸರು ಬೇರೆ. ಅದು ಗಿಡದ ಹೆಸರಿನ ಬೆನ್ನಿಗೇ ಸದಾ ಅಂಟಿಕೊಂಡಿರುತ್ತದೆ, ಅದು ನನ್ನದೇ. ಸಂಗ್ರಹಕಾರರ ಸಾಲನ್ನು ಅವರಿಗೆ ಕೊಟ್ಟರೆ ಸಮುದ್ರದಿಂದ ಒಂದು ಚೊಂಬು ನೀರು ಕೊಟ್ಟಂತೆ. ಆದರೂ ಆ ಚೀಟಿಯ ಮುಂದೆ ನಾನು ಎಷ್ಟೋ ಹೊತ್ತು ಕೂತೆ. ಕೊನೆಗೆ ಅದನ್ನು ಹರಿದು ಹೊಸ ಚೀಟಿ ತೆಗೆದುಕೊಂಡು ಕಾಕಾನ ಪೂರ್ತಿ ಹೆಸರು ಬರೆದೆ, ಅವರ ತಂದೆಯ ಹೆಸರಿನ ಸಮೇತ. ಎಣಿಕೆಯ ಜಾಗದಲ್ಲಿ ನನ್ನ ಸಂಖ್ಯೆ ಹಾಕುವಂತಿಲ್ಲ. ಅವರದೇ ಎಣಿಕೆ ಬೇಕು. ಒಂದು ಎಂದು ಬರೆದೆ.

ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತು ಎಂದುಕೊಂಡೆ. ಇಲ್ಲಿ ಹೂ ಯಾರು, ನಾರು ಯಾರು ಎಂದು ಆಗ ಯೋಚಿಸಲಿಲ್ಲ. ನನ್ನ ದೊಡ್ಡತನಕ್ಕೆ ನಾನೇ ಸಂತೋಷಪಟ್ಟು ಕ್ಯಾಂಟೀನಿನಿಂದ ಎರಡು ಸ್ಪೆಷಲ್ ಚಹಾ ತರಿಸಿದೆ. ತಂದವರು ಕಾಕಾ.

ಪರಿಶೀಲಕರು ಒಪ್ಪಿದರು. ಎಲೆಗಳು ಸಹಜವಾಗಿಲ್ಲ, ಆದರೂ ನಿಯಮಕ್ಕೆ ಸರಿಯಾಗಿದೆ, ಎಲೆಯ ವರ್ಣನೆಗೆ ಆಗಸ್ಟಿನ ಹಾಳೆ ನೋಡಬಹುದು ಎಂದು ಬರೆದರು. ಹಾಳೆಯನ್ನು ದೂರದ ದೊಡ್ಡ ಸಸ್ಯಸಂಗ್ರಹಾಲಯಕ್ಕೆ ಕಳಿಸಿದೆ. ಟೈಪುಗಳನ್ನು ಅಲ್ಲಿ ಕೆಂಪು ಅಂಚಿನ ಹೊದಿಕೆಯಲ್ಲಿಟ್ಟು ಬೆಂಕಿ ತಾಗದ ಕಪಾಟಿನಲ್ಲಿ ಇಡುತ್ತಾರೆ. ಅಷ್ಟರಲ್ಲಿ ಕಾಕಾ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ಫೋಟೋ ತೆಗೆಸಿಕೊಂಡು ಕಾಲೇಜು ಬಿಟ್ಟಿದ್ದರು.

ಲೇಖನ ಅಚ್ಚಾದ ಮೇಲೆ ಅದರ ಬಣ್ಣದ ಪ್ರತಿ ತೆಗೆಸಿಕೊಂಡು ಗುಂಡಗುರ್ತಿಗೆ ಹೋದೆ. ಫೋನು ಮಾಡಿ ತಿಳಿಸಬಹುದಿತ್ತು. ಅವರ ಮುಖ ನೋಡಬೇಕಿತ್ತು ನನಗೆ.

“ಬರ್ರಿ ಬರ್ರಿ, ಕುಂದ್ರಿ,” ಎಂದು ಕಾಕಾ ಅಂಗಳಕ್ಕೆ ಕುರ್ಚಿ ತಂದು ಹಾಕಿದರು. ಕಾಕು ಚಹಾಕ್ಕೆ ನೀರಿಟ್ಟರು. ಕಾಕಾ ಕೈ ತೊಳೆದು, ಧೋತರಕ್ಕೆ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಪ್ರತಿ ತೆಗೆದುಕೊಂಡರು. ಇಂಗ್ಲಿಷ್ ಪೂರ್ತಿ ಬಾರದಿದ್ದರೂ ಚೀಟಿ ನೋಡಿ ನೋಡಿ ಅಕ್ಷರ ಗುರುತು ಸಿಗುತ್ತಿತ್ತು. ನಾನು ಬೆರಳಿಟ್ಟು ತೋರಿಸಿದೆ. ಅವರು ತಮ್ಮ ಹೆಸರನ್ನು ತುಟಿ ಆಡಿಸುತ್ತ ಓದಿದರು, ತಂದೆಯ ಹೆಸರನ್ನೂ ಓದಿದರು. ಕಾಕುವನ್ನು ಕರೆದು ತೋರಿಸಿದರು. ಕಾಕು ಬಂದು ನೋಡಿ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಬಂದದ್ದು ಸಾರ್ಥಕವಾಯಿತು ಎನ್ನಿಸಿತು.

“ಹೆಸರಿನ ಬಾಜೂಕ ಒಂದು ಅಂತ ಅದಲ್ರಿ, ಅದೇನು?” ಎಂದು ಕಾಕಾ ಕೇಳಿದರು.

“ನಿಮ್ಮ ನಂಬರ ಕಾಕಾ. ನೀವು ಸಂಗ್ರಹ ಮಾಡಿದ್ದು ಒಂದನೇದು.”

“ಒಂದೇ ಏನ್ರಿ?”

ಅವರ ದನಿಯಲ್ಲಿ ದೂರು ಇರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದಾಗ ಕೇಳುವಷ್ಟೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದರು.

“ಕಾಗಿಣಾ ದಂಡೀಲೆ ತಂದದ್ದು? ಚಿಂಚೋಳಿ ಅಡವ್ಯಾಗಿನವು? ವಾಡಿ ಸ್ಟೇಷನ್ ಬಾಜೂಕ, ಮಳ್ಯಾಗ ನಿಂತು ಕಿತ್ತಿದ್ನಲ್ರಿ, ಅವು?”

“ಅವೆಲ್ಲಾ ನನ್ನ ನಂಬರಿನ್ಯಾಗ ಅವ ಕಾಕಾ.”

“ಹೌದ್ರಿ, ಹೌದು. ನಿಮ್ಮ ನಂಬರಿನ್ಯಾಗೇ ಇರ್ತಾವ,” ಎಂದು, ನನಗೆ ಸಮಾಧಾನ ಹೇಳುವಂತೆ ಹೇಳಿದರು. ನನಗೆ ನಾಚಿಕೆಯಾಯಿತು. ಎರಡು ಸಾವಿರ ಚಿಲ್ಲರೆ ಹಾಳೆಗಳಲ್ಲಿ ಯಾವುದು ನಾನು ಕಿತ್ತದ್ದು, ಯಾವುದು ಅವರು ಕಿತ್ತದ್ದು ಎಂದು ಆ ಅಂಗಳದಲ್ಲಿ ಕೂತು ನೆನೆಸಿಕೊಳ್ಳಲು ನೋಡಿದೆ. ಆಗಲಿಲ್ಲ. ಕಾಕು ಚಹಾ ತಂದು ಕೊಟ್ಟರು. ಬಿಸಿ ಇತ್ತು.

ಕಾಕಾ ಪುಟ ತಿರುವಿ ಟೈಪಿನ ಫೋಟೋ ನೋಡುತ್ತಿದ್ದರು. ಇಡೀ ಹಾಳೆಯನ್ನು ದೊಡ್ಡದಾಗಿ ಅಚ್ಚು ಹಾಕಿದ್ದರು. ಬೂಜಿನ ಕಲೆಯ ಮೇಲೆ ಬೆರಳಾಡಿಸಿದರು, ಅಳಿಸಿ ಹೋದೀತೇ ಎಂದು ನೋಡುವವರಂತೆ. ಆ ಎರಡು ಸೊಟ್ಟ ಎಲೆಗಳನ್ನು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

“ಮೇಡಮ್,” ಎಂದರು, “ನಿಮ್ಮ ನಂಬರಿನ್ಯಾಗಿನವೆಲ್ಲಾ ಭಾಳ ಛಲೋ ಒಣಗಿದ್ವುರಿ.”